ಕಣದಲ್ಲಿ ಹೇಳಬಾರದ ಸೊನ್ನೆ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಿಸೆ ಬೀಜದಷ್ಟು ದಪ್ಪದ ಜಡ್ಡೊಂದಿತ್ತು. ವರ್ಷಾನುಗಟ್ಟಲೆ ಲೆಕ್ಕದ ಮಷೀನಿನ ಹಿಡಿ ತಿರುಗಿಸಿ ತಿರುಗಿಸಿ ಬಂದ ಜಡ್ಡು ಅದು. ಆ ಮಷೀನನ್ನು ಈಗಿನವರು ನೋಡಿರಲಾರರು. ಮೇಜಿನ ಮೇಲೆ ಕೂರುವ ಕಬ್ಬಿಣದ ಪೆಟ್ಟಿಗೆ, ಮೈತುಂಬ ಅಂಕಿ, ಪಕ್ಕದಲ್ಲೊಂದು ಹಿಡಿ. ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಮಷೀನು ಎದುರಿಗಿಲ್ಲದಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳುತ್ತಿದ್ದರೆ ಗಾಳಿಯಲ್ಲೇ ಹಿಡಿ ತಿರುಗಿಸುತ್ತ ಕೇಳುತ್ತಿದ್ದರು. ಮಾತು ಒಪ್ಪಿಗೆಯಾದರೆ ಮುಂದಕ್ಕೆ, ಅನುಮಾನ ಬಂದರೆ ಹಿಂದಕ್ಕೆ. ನಾನು ರಜೆ ಕೇಳಲು ಹೋದಾಗಲೆಲ್ಲ ಅದು ಹಿಂದಕ್ಕೇ ತಿರುಗುತ್ತಿತ್ತು.

ನಮಗೆ ಅವರು ಮೇಡಂ, ಫಾರಂನ ಆಳುಗಳಿಗೆ ಲೆಕ್ಕದಮ್ಮ. ದೇವನಹಳ್ಳಿಯಿಂದ ಸ್ವಲ್ಪ ಆಚೆಗಿದ್ದ ರಾಗಿ ಫಾರಂ ಅದು. ಹೊಸ ಹೊಸ ರಾಗಿ ತಳಿಗಳನ್ನು ಪುಟ್ಟ ಪುಟ್ಟ ಮಡಿಗಳಲ್ಲಿ ಬೆಳೆದು, ಯಾವುದು ಹೆಚ್ಚು ಇಳುವರಿ ಕೊಡುತ್ತದೆಂದು ತೂಗಿ, ಲೆಕ್ಕ ಹಾಕಿ, ಗೆದ್ದ ತಳಿಯ ಬೀಜವನ್ನು ರೈತರಿಗೆ ಕೊಡುವುದು ಅಲ್ಲಿನ ಕೆಲಸ. ಹಾಗೆ ಲೆಕ್ಕ ಹಾಕುವ ಕೋಣೆಯಲ್ಲಿ ಇದ್ದವರು ಇಬ್ಬರೇ, ಮೇಡಂ ಮತ್ತು ನಾನು. ಅವರು ಖಾಯಂ, ನಾನು ತಾತ್ಕಾಲಿಕ. ಮೇಡಂ ಶಿವಗಂಗೆ ಕಡೆಯ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಹೈಸ್ಕೂಲ್ ಮೇಷ್ಟ್ರೊಬ್ಬರ ಕೈ ಹಿಡಿದು, ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರಾದರೂ ಮರುಕದ ಮುಖ ಮಾಡಿದರೆ, “ನಂಗೆ ಮನೇಲಿ ಒಬ್ರು, ಆಫೀಸಲ್ಲಿ ಒಬ್ಬ, ಸಾಕಾಗಿದೆ ಕಣಮ್ಮ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಫೀಸಿನ ಆ ಒಬ್ಬ ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಮುಖ್ಯ ಕಚೇರಿಯಿಂದ ಒಂದು ಆಜ್ಞೆ ಬಂತು. ಇನ್ನು ಮೇಲೆ ತಳಿಗಳ ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಅದಕ್ಕೆ ಅರ್ಥವಾಗುವ ಭಾಷೆ ಕಲಿತವರು ಮಾತ್ರ ಲೆಕ್ಕದ ವಿಭಾಗದಲ್ಲಿ ಇರುತ್ತಾರೆ, ತಾತ್ಕಾಲಿಕ ನೌಕರರು ಈ ವರ್ಷದ ರಾಗಿಯ ಲೆಕ್ಕವನ್ನು ಆ ಭಾಷೆಯಲ್ಲೇ ಬರೆದು ತೋರಿಸಿದರೆ ಖಾಯಂ, ಇಲ್ಲವಾದರೆ ಮನೆಗೆ. ಅದಕ್ಕೆ ಸಹಿ ಮಾಡಿದವರು ದೊಡ್ಡ ಸಾಹೇಬರು. ಎಲ್ಲ ಫಾರಂಗಳ ಲೆಕ್ಕ ವಿಭಾಗಗಳಿಗೂ ಅವರೇ ಯಜಮಾನರು. ಓದಿ ಹೆದರಿಬಿಟ್ಟೆ.

ಹೆದರಲು ಕಾರಣವಿತ್ತು. ಹೊಸಕೋಟೆಯಲ್ಲಿದ್ದ ನನ್ನ ಸೋದರಮಾವನ ಮಗಳನ್ನು ನನಗೆ ಕೊಡುವುದೆಂದು ಚಿಕ್ಕಂದಿನಿಂದಲೂ ಮಾತಿತ್ತು. ನನಗೂ ಇಷ್ಟ, ಅವಳಿಗೂ ಇಷ್ಟ. ಮಾವ ಮಾತ್ರ ಘಾಟಿ ಮನುಷ್ಯ. “ಟೆಂಪ್ರರಿ ಕೆಲ್ಸದೋನಿಗೆ ಹೆಣ್ಣು ಕೊಟ್ಟು ನಾನೂ ಟೆಂಪ್ರರಿ ಆಗ್ಲಾ? ಖಾಯಂ ಆಗ್ಲಿ, ಲಗ್ನ ಇಡ್ಸೋಣ” ಎಂದುಬಿಟ್ಟಿದ್ದ. ಅಷ್ಟು ಸಾಲದೆಂದು ಚಿಂತಾಮಣಿ ಕಡೆಯ ಒಬ್ಬ ಬಸ್ ಕಂಡಕ್ಟರ್ ಬೇರೆ ಹುಡುಗಿಯನ್ನು ಕೇಳಿಕೊಂಡು ಎರಡು ಸಲ ಬಂದುಹೋಗಿದ್ದ. ಅವನು ಖಾಯಂ. ಜಡಿಗೇನಹಳ್ಳಿಯಲ್ಲಿದ್ದ ನಮ್ಮಪ್ಪ ಸಿಕ್ಕಾಗಲೆಲ್ಲ, “ಏನಾಯ್ತಲಾ ನಿನ್ ಕೆಲ್ಸ?” ಎಂದು ಕೇಳುವುದು, ನಾನು ನೆಲ ನೋಡುವುದು.

ಮೇಡಂ ಬೆಂಗಳೂರಿಗೆ ಹೋಗಿ ಕೆಲವು ವಾರ ಕಂಪ್ಯೂಟರ್ ಭಾಷೆಯ ಪಾಠ ಕೇಳಿಕೊಂಡು ಬಂದರು. ಮೀಸೆ ಬಾರದ ಹುಡುಗರ ನಡುವೆ ಮುಂದಿನ ಬೆಂಚಿನಲ್ಲಿ ಕೂತು ಕೇಳಿದರಂತೆ. ಮರಳಿ ಬಂದ ದಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ನನ್ನ ಮೇಜಿನ ಮೇಲೆ ಹಾಕಿ, “ಇದರ ಹೆಸರು ಫೋರ್ಟ್ರಾನು. ನಂಗೂ ಪೂರ್ತಿ ಬರಲ್ಲಪ್ಪ. ನಿನಗಿಂತ ಒಂದು ವಾರ ಮುಂದಿರ್ತೀನಿ, ಅಷ್ಟೇ. ನಾನು ಎಡವಿದ ಕಲ್ಲನ್ನ ನಿಂಗೆ ತೋರಿಸ್ತೀನಿ” ಎಂದರು. ನನಗೆ ಕಲಿಸಿದ ಮೇಷ್ಟ್ರುಗಳ ಪೈಕಿ ತನಗೆ ಪೂರ್ತಿ ಬರುವುದಿಲ್ಲ ಎಂದು ಮೊದಲ ದಿನವೇ ಒಪ್ಪಿಕೊಂಡವರು ಅವರೊಬ್ಬರೇ. ಅಲ್ಲಿಗೆ ನನ್ನ ಅರ್ಧ ಹೆದರಿಕೆ ಹೋಯಿತು.

ಇನ್ನರ್ಧವನ್ನು ಪುಸ್ತಕ ಕಾಪಾಡಿಕೊಂಡಿತ್ತು. ಮೂರು ದಿನ ಓದಿದೆ. ಒಂದು ಪುಟ ಅರ್ಥವಾದರೆ ಕೇಳಿ. ತಲೆ ಚಿಟ್ಟು ಹಿಡಿಯಿತು. ಮೇಡಂ ನನ್ನ ಮುಖ ನೋಡಿದವರೇ ಪುಸ್ತಕ ಮುಚ್ಚಿಸಿ ಕಣಕ್ಕೆ ಕರೆದುಕೊಂಡು ಹೋದರು. ಫಾರಂನ ಕಣ ಸೆಗಣಿ ಸಾರಿಸಿ ಕನ್ನಡಿಯ ಹಾಗಿತ್ತು. ಬದಿಯಲ್ಲಿ ಚಪ್ಪಲಿ ಬಿಟ್ಟೆವು. ಅಲ್ಲಿ ಒಂದು ಚೀಲ ರಾಗಿ, ಒಂದು ಬುಟ್ಟಿ, ಒಂದು ಸೇರು.

“ಚೀಲದಲ್ಲಿರೋ ರಾಗಿ ಎಷ್ಟು ಸೇರು ಅಂತ ಅಳೀಬೇಕು. ಹೇಗೆ ಅಳೆಯೋದು ಅಂತ ಒಂದು ಚೀಟೀಲಿ ಬರಿ. ಆಮೇಲೆ ನೀನೇ ಮಷೀನು. ನಿಂಗೆ ಬುದ್ಧಿ ಇಲ್ಲ, ನಾಚಿಕೆ ಇಲ್ಲ, ಹಸಿವಿಲ್ಲ. ಚೀಟೀಲಿ ಇದ್ದದ್ದನ್ನ ಮಾತ್ರ ಮಾಡ್ಬೇಕು.”

“ಬುದ್ಧಿ ಇಲ್ಲ ಅನ್ನೋದು ಸರಿ ಮೇಡಂ, ಹಸಿವಿದೆ” ಎಂದೆ.

ಅವರು ತಮ್ಮ ಟಿಫನ್ ಡಬ್ಬಿ ತೆಗೆದು ನನ್ನೆದುರಿಗೇ ಚಿತ್ರಾನ್ನ ತಿನ್ನತೊಡಗಿದರು. ನಾನು ಬರೆದೆ: ಚೀಲದಿಂದ ಒಂದು ಸೇರು ತೆಗಿ, ಬುಟ್ಟಿಗೆ ಸುರಿ, ಒಂದು ಕೂಡಿಸಿಕೋ, ಮತ್ತೆ ಮೊದಲ ಸಾಲಿಗೆ ಹೋಗು. ಬರೆದ ಹಾಗೇ ಮಾಡಿದೆ. ಬುಟ್ಟಿ ತುಂಬಿತು, ಚೆಲ್ಲಿತು. ಚೀಲ ಬರಿದಾಯಿತು. ನಿಲ್ಲು ಎಂದು ಚೀಟಿಯಲ್ಲಿ ಬರೆದೇ ಇರಲಿಲ್ಲವಾದ್ದರಿಂದ ಬರಿದಾದ ಚೀಲದೊಳಗೆ ಸೇರು ಅದ್ದುತ್ತ, ಗಾಳಿಯನ್ನು ಸುರಿಯುತ್ತ, ಒಂದೊಂದೇ ಕೂಡಿಸುತ್ತ ಹೋದೆ. ಕಣದ ಮೇಸ್ತ್ರಿ, ನಮ್ಮಪ್ಪನ ವಯಸ್ಸಿನವನು, ಗುಡಿಸುವುದನ್ನು ನಿಲ್ಲಿಸಿ ನಿಂತುಬಿಟ್ಟ.

“ಯಾಕ್ ಸ್ವಾಮಿ, ಮೈಯಾಗೆ ಉಸಾರಿಲ್ವಾ?”

“ಅವನು ಮಷೀನು ಕಣಪ್ಪ. ಪಾಪ, ನಿಲ್ಲೋಕೆ ಬರಲ್ಲ” ಎಂದರು ಮೇಡಂ, ಬಾಯಿ ಒರೆಸಿಕೊಂಡು. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ನನಗೂ ಚಿತ್ರಾನ್ನ ಹಾಕಿಕೊಟ್ಟರು.

ಮಾರನೆಯ ದಿನ ನಿಲ್ಲುವುದನ್ನೂ ಬರೆದುಕೊಂಡು ಹೋದೆ. ಲೆಕ್ಕ ಮುಗಿಯಿತು, ಬುಟ್ಟಿಯಲ್ಲಿದ್ದದ್ದನ್ನು ತೂಗಿದರೆ ಇರಬೇಕಾದ್ದಕ್ಕಿಂತ ಹೆಚ್ಚು ಬಂತು. ನಾನು ಬರುವ ಮುಂಚೆಯೇ ಮೇಡಂ ಬುಟ್ಟಿಯ ತಳದಲ್ಲಿ ನಾಲ್ಕು ಬೊಗಸೆ ರಾಗಿ ಹಾಕಿಟ್ಟಿದ್ದರು. “ಅಳೆಯೋಕೆ ಮುಂಚೆ ಬುಟ್ಟಿ ಮಗುಚಿ ನೋಡ್ಬೇಕು. ಹಿಂದಿನೋರ ರಾಗಿ ಉಳಿದಿರುತ್ತೆ” ಎಂದರು. ಮೊತ್ತ ಹಾಕುವ ಮುಂಚೆ ಅದರ ಜಾಗವನ್ನು ಸೊನ್ನೆ ಮಾಡಿಕೊಳ್ಳಬೇಕು ಎಂಬ ಮಾತನ್ನು ಪುಸ್ತಕ ಎರಡು ಪುಟ ಹೇಳಿತ್ತು, ನನ್ನ ತಲೆಗೆ ಹತ್ತಿರಲಿಲ್ಲ. ಬೊಗಸೆ ರಾಗಿಯಿಂದ ಹತ್ತಿತು. ಅಲ್ಲಿಂದ ಮುಂದೆ ಯಾವ ಪ್ರೋಗ್ರಾಮ್ ಬರೆದರೂ ಮೊದಲು ಬುಟ್ಟಿ ಮಗುಚುತ್ತೇನೆ.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ, ಒಂದು ದೊಡ್ಡ ವಿದ್ಯಾಸಂಸ್ಥೆಯ ತಣ್ಣನೆಯ ಕೋಣೆಯೊಳಗೆ. ವಾರಕ್ಕೊಂದು ದಿನ ನಮ್ಮ ಪಾಳಿ. ಚೌಕಳಿ ಹಾಳೆಯಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರದಂತೆ ಬರೆದುಕೊಂಡು ಹೋದರೆ ಅಲ್ಲಿನ ಹುಡುಗಿಯರು ಅದನ್ನು ನೋಡಿ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಡುತ್ತಿದ್ದರು. ಒಂದು ಸಾಲಿಗೆ ಒಂದು ಕಾರ್ಡು. ಕಾರ್ಡುಗಳ ಕಟ್ಟನ್ನು ಕಿಟಕಿಯೊಳಗೆ ಕೊಡುವುದು, ಮುಂದಿನ ವಾರ ಹೋಗಿ ಉತ್ತರದ ಕಾಗದ ಇಸಿದುಕೊಳ್ಳುವುದು, ಕಾರ್ಡುಗಳನ್ನು ತಿದ್ದಲು ಫಾರಂಗೆ ತಂದು ಮತ್ತೆ ಒಯ್ಯುವುದು. ನಾವು ಮಷೀನಿನ ಮುಖವನ್ನು ನೋಡಿದ್ದು ಗಾಜಿನ ಆಚೆಯಿಂದ ಮಾತ್ರ. ಮೊದಲ ವಾರ ಉತ್ತರ ಬಂತು: ಅಲ್ಪವಿರಾಮ ಬಿಟ್ಟಿದ್ದೀಯ. ಎರಡನೆಯ ವಾರ: ಆವರಣ ಮುಚ್ಚಿಲ್ಲ. ಒಂದು ಅಲ್ಪವಿರಾಮಕ್ಕಾಗಿ ಒಂದು ವಾರ ಹೋಯಿತಲ್ಲ ಎಂದು ನಾನು ಹಲ್ಲು ಕಡಿದರೆ ಮೇಡಂ ನಗುತ್ತಿದ್ದರು. “ಅದಕ್ಕೆ ಸಿಟ್ಟು ಬರಲ್ಲ ನೋಡು. ನೀನು ಎಷ್ಟು ಸಲ ತಪ್ಪು ಮಾಡಿದ್ರೂ ಅದೇ ದನೀಲಿ ಹೇಳುತ್ತೆ. ಇಂಥ ಮೇಷ್ಟ್ರು ಎಲ್ಲಿ ಸಿಗ್ತಾರೆ?”

ಕಾರ್ಡಿನ ಕಟ್ಟನ್ನು ಅವರು ಬಿಳಿ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದರು. ಸುತ್ತುವ ಮೊದಲು ಕಟ್ಟಿನ ನೆತ್ತಿಯ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪೆನ್ಸಿಲ್ ಗೀಟು ಎಳೆಯುವುದು ಅವರ ಪದ್ಧತಿ. ಯಾಕೆಂದು ಕೇಳಿದರೆ, “ಬಿದ್ದಾಗ ಗೊತ್ತಾಗುತ್ತೆ” ಎನ್ನುತ್ತಿದ್ದರು. ಯಲಹಂಕದ ಹತ್ತಿರ ಬಸ್ಸು ಗಕ್ಕನೆ ನಿಂತ ದಿನ ಗೊತ್ತಾಯಿತು. ಟವೆಲು ಬಿಚ್ಚಿ ಕಾರ್ಡುಗಳೆಲ್ಲ ಸೀಟಿನಡಿ, ಕೋಳಿ ಬುಟ್ಟಿಯಡಿ, ಅವರಿವರ ಕಾಲಡಿ. ನನಗೆ ಅಳು ಬರುವುದೊಂದು ಬಾಕಿ. ಜನ ಬಗ್ಗಿ ಬಗ್ಗಿ ಆರಿಸಿಕೊಟ್ಟರು. ಮೇಡಂ ನೆತ್ತಿಯ ಗೀಟು ಒಂದೇ ನೇರಕ್ಕೆ ಬರುವ ಹಾಗೆ ಜೋಡಿಸುತ್ತ ಹೋದರು, ಹೆಬ್ಬಾಳ ಬರುವಷ್ಟರಲ್ಲಿ ಕಟ್ಟು ಮೊದಲಿನಂತಾಯಿತು. ಕಂಡಕ್ಟರ್ ಬಂದು, “ಇದೇನಮ್ಮಾ, ಇಸ್ಪೀಟಾ?” ಎಂದ. “ಹೌದಪ್ಪ, ಇವನ ಮದುವೆ ಇದರ ಮೇಲೆ ನಿಂತಿದೆ” ಎಂದರು. ಕಂಡಕ್ಟರುಗಳ ಎದುರಿಗೆ ಆ ವಿಷಯ ಬೇಕಿರಲಿಲ್ಲ ನನಗೆ.

ಆ ವರ್ಷದ ರಾಗಿ ಕೊಯ್ಲು ಮುಗಿದು ಕಣಕ್ಕೆ ಬಂತು. ಒಂದೊಂದು ಮಡಿಯ ರಾಗಿಯನ್ನೂ ಬೇರೆ ಬೇರೆ ಗುಡ್ಡೆ ಮಾಡಿ, ಮೇಸ್ತ್ರಿ ತೂಗಿ ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ನನ್ನ ಪ್ರೋಗ್ರಾಮಿನ ಜೊತೆಗೆ ಆ ತೂಕಗಳನ್ನೂ ಕಾರ್ಡಿಗೆ ಹೊಡೆಸಿ ಕೊಟ್ಟೆ. ಉತ್ತರ ಬರುವ ವಾರ ಮೇಡಂ ರಜೆಯ ಮೇಲಿದ್ದರು, ತವರಿನಲ್ಲಿ ಮದುವೆ. ನಾನೊಬ್ಬನೇ ಕಿಟಕಿಗೆ ಹೋದೆ. ಉತ್ತರದ ಕಾಗದ ಬಿಡಿಸಿದರೆ ಒಂದೇ ಒಂದು ಬೈಗುಳವಿಲ್ಲ. ಸಾಲು ಸಾಲಾಗಿ ತಳಿಗಳು, ಪಕ್ಕದಲ್ಲಿ ಸರಾಸರಿಗಳು, ಕೆಳಗೆ ಯಾವುದು ಯಾವುದಕ್ಕಿಂತ ಮೇಲು ಎಂಬ ಲೆಕ್ಕ. ನಾನು ಬರೆದದ್ದನ್ನು ಆ ಯಂತ್ರ ಓದಿತ್ತು, ತಿಳಿದುಕೊಂಡಿತ್ತು, ಉತ್ತರ ಕೊಟ್ಟಿತ್ತು. ಅಲ್ಲಿನ ಮರದ ಕಟ್ಟೆಯ ಮೇಲೆ ಕೂತು ಆ ಕಾಗದವನ್ನು ಎಷ್ಟು ಹೊತ್ತು ನೋಡಿದೆನೋ. ಎದ್ದವನು ನೆಟ್ಟಗೆ ಮುಖ್ಯ ಕಚೇರಿಗೆ ಹೋಗಿ ಪಟ್ಟಿಯನ್ನೂ ಪ್ರೋಗ್ರಾಮ್ ಬರೆದ ಚೌಕಳಿ ಹಾಳೆಗಳನ್ನೂ ದೊಡ್ಡ ಸಾಹೇಬರ ಕೋಣೆಯಲ್ಲಿ ಕೊಟ್ಟೆ. ಹಾಗೇ ಹೊಸಕೋಟೆ ಬಸ್ಸು ಹತ್ತಿ ಮಾವನಿಗೂ ಹೇಳಿಬಂದೆ.

ಮೇಡಂ ಬಂದರು, ಪಟ್ಟಿಯ ನಕಲು ನೋಡಿದರು. ಬಲಗೈ ಗಾಳಿಯಲ್ಲಿ ಎದ್ದಿತು, ಹಿಂದಕ್ಕೆ ತಿರುಗಿತು.

“ಇದು ಹೇಗೆ ಕೆಳಗೆ ಹೋಯ್ತು?” ಅವರು ಬೆರಳಿಟ್ಟದ್ದು ನಮ್ಮ ಫಾರಂನ ಮುದ್ದಿನ ತಳಿಯ ಮೇಲೆ. ಎಲ್ಲ ವರ್ಷವೂ ಎಲ್ಲಕ್ಕಿಂತ ಮೇಲೆ ನಿಂತು, ಈ ವರ್ಷವೊಂದು ಗೆದ್ದರೆ ರೈತರ ಹೊಲಕ್ಕೆ ಹೋಗಬೇಕಾಗಿದ್ದ ತಳಿ ಅದು. ನನ್ನ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿ ಮುಖ ಬಾಡಿಸಿಕೊಂಡು ಕೂತಿತ್ತು.

“ಮಷೀನು ಹೇಳಿದ್ದು ಮೇಡಂ. ಅದಕ್ಕೇನು ಪಕ್ಷಪಾತ ಇರುತ್ತಾ?” ಎಂದೆ, ಸ್ವಲ್ಪ ಸೊಕ್ಕಿನಿಂದಲೇ.

“ಪಕ್ಷಪಾತ ಇರಲ್ಲ, ಬುದ್ಧೀನೂ ಇರಲ್ಲ. ಆ ಹಳೇ ಮಷೀನು ಎಳಿ ಇತ್ಲಾಗೆ.”

ಹಿಡಿ ತಿರುಗಿಸಿ ಆ ತಳಿಯ ಸರಾಸರಿಯನ್ನು ಕೈಯಲ್ಲೇ ತೆಗೆದರು. ಮೇಲೆ ಬಂತು. ಕಂಪ್ಯೂಟರ್ ಕೊಟ್ಟದ್ದಕ್ಕೂ ಇದಕ್ಕೂ ಅಜಗಜಾಂತರ. ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಾಗ ಕೆಲವದರಲ್ಲಿ ತೂಕದ ಜಾಗ ಖಾಲಿ ಇತ್ತು. ಆ ಮಡಿಗಳಿಗೆ ನಾನು ಕಣದಲ್ಲಿ ಏನನ್ನೂ ಬರೆದುಕೊಂಡಿರಲಿಲ್ಲ. ಮನುಷ್ಯರಾದರೆ ಖಾಲಿ ಜಾಗ ಕಂಡರೆ ಕೇಳುತ್ತಾರೆ. ಕಂಪ್ಯೂಟರ್ ಕೇಳುವುದಿಲ್ಲ, ಖಾಲಿ ಇದ್ದರೆ ಸೊನ್ನೆ ಎಂದುಕೊಳ್ಳುತ್ತದೆ. ಪುಸ್ತಕದ ಯಾವುದೋ ಮೂಲೆಯಲ್ಲಿ ಅದನ್ನೂ ಹೇಳಿದ್ದರು. ನಮ್ಮ ತಳಿಯ ಕೆಲವು ಮಡಿಗಳನ್ನು ಊರ ದನಗಳು ಬೇಲಿ ಮುರಿದು ಬಂದು ಮೇಯ್ದುಬಿಟ್ಟಿದ್ದವು. ಅವು ಲೆಕ್ಕಕ್ಕೇ ಬರಬಾರದ ಮಡಿಗಳು. ಅವಕ್ಕೆಲ್ಲ ಸೊನ್ನೆ ಬಿದ್ದು, ದನ ಮೇಯ್ದ ತಪ್ಪಿಗೆ ತಳಿ ಸೋತಿತ್ತು.

“ಅಷ್ಟೇ ತಾನೇ? ಖಾಲಿ ಇರೋದನ್ನೆಲ್ಲ ಲೆಕ್ಕದಿಂದ ಬಿಟ್ಟುಬಿಡು ಅಂತ ಬರೀತೀನಿ” ಎಂದೆ.

“ಬರಿ, ಬರಿ. ಬೆಂಕಿ ರೋಗ ಬಂದು ತೆನೇನೇ ಕಟ್ಟದೆ ಸತ್ತ ಮಡಿಗಳಿದಾವಲ್ಲ, ಅಲ್ಲೂ ಖಾಲೀನೇ ಬಿಟ್ಟಿದೀಯ. ಅವನ್ನೂ ಬಿಟ್ಟುಬಿಟ್ರೆ ರೋಗದ ತಳಿ ಗೆದ್ದುಬಿಡುತ್ತೆ. ಅದರ ಬೀಜ ಊರಿಗೆಲ್ಲ ಹಂಚೋಣ.”

ಆಗ ನನಗೆ ಅರಿವಾಯಿತು. ದನ ಮೇಯ್ದ ಮಡಿಯ ಗುಡ್ಡೆಯ ಜಾಗ ಬಂದಾಗಲೂ ಮೇಸ್ತ್ರಿ ಏನೂ ಕೂಗಿರಲಿಲ್ಲ, ರೋಗ ಬಂದ ಮಡಿಯದು ಬಂದಾಗಲೂ ಕೂಗಿರಲಿಲ್ಲ. ಎರಡು ಕಡೆಯೂ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮುಂದಿನ ಗುಡ್ಡೆಗೆ ಹೋಗಿದ್ದ. ನಾನೂ ಬರೆಯದೆ ಮುಂದಕ್ಕೆ ಹೋಗಿದ್ದೆ. ನಾನೂ ರಾಗಿ ಹೊಲದವನೇ. ಒಂದನ್ನೂ ಒಂದು ಎನ್ನದೆ ಲಾಭ ಎಂದು ಎಣಿಸಲು ಶುರುಮಾಡುವ ಜಾಗ ಕಣ. ಅಲ್ಲಿ ಬೆಳೆ ಇಲ್ಲ ಎನ್ನಬಾರದು, ಸೊನ್ನೆ ಎನ್ನಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಾರಾದರೂ ಅಲ್ಲಿ ಆ ಮಾತು ಆಡಿದ್ದನ್ನು ಕೇಳಿರಲೂ ಇಲ್ಲ. ನನ್ನ ಪೆನ್ನೂ ಹಾಗೇ ಬೆಳೆದಿತ್ತು. ಇಷ್ಟು ವರ್ಷ ಮೇಡಂ ತಾವೇ ಕಣದಲ್ಲಿ ನಿಂತು, ಪ್ರತಿಯೊಂದು ಮಡಿಯ ಕಥೆಯನ್ನೂ ತಿಳಿದು, ಕೈಯಲ್ಲಿ ಲೆಕ್ಕ ಹಾಕುತ್ತಿದ್ದರಾದ್ದರಿಂದ ತೊಂದರೆ ಆಗಿರಲಿಲ್ಲ.

ತಕ್ಷಣ ಕಣಕ್ಕೆ ಹೋದೆವು. ಮೇಸ್ತ್ರಿ ಆಳುಗಳ ಕೈಲಿ ಹುರುಳಿ ಬಡಿಸುತ್ತಿದ್ದ. ನಾನು ದಡ್ಡನ ಹಾಗೆ ಅಲ್ಲೇ ಕೇಳಿದೆ, “ಯಾವ ಯಾವ ಮಡೀಲಿ ಏನೂ ಬರ್ಲಿಲ್ಲ ಮೇಸ್ತ್ರಿ?” ಅವನು ಕಿವಿ ಕೇಳಿಸದವನ ಹಾಗೆ ಕಡ್ಡಿ ಆರಿಸತೊಡಗಿದ. ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

“ಬಾಪ್ಪ ಮೇಸ್ತ್ರಿ, ಎಲೆ ಅಡಿಕೆ ಹಾಕ್ಕೊಳ್ಳೋಣ ಬಾ.”

ಅವನು ಕಣದಿಂದ ಇಳಿದು, ಕೈ ಕೊಡವಿ, ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ರಸ್ತೆಬದಿಯ ಹೊಂಗೆ ಮರದವರೆಗೂ ಬಂದ. ಮೇಡಂ ಎಲೆಗೆ ಸುಣ್ಣ ಸವರಿ ಕೊಟ್ಟರು. ಅಲ್ಲಿ ಅವನ ಬಾಯಿ ಬಿಚ್ಚಿತು. “ಬಾವಿ ಮಗ್ಗುಲಿಂದು ದನ ಮೇದಿದ್ದು ಅಮ್ಮಾವ್ರೇ. ಅದರ ಪಕ್ಕದ್ದೂವೆ. ಬೇಲಿ ಮೂಲೇದು ರ್ವಾಗ, ಒಂದ್ ತೆನೆ ಇರ್ನಿಲ್ಲ, ಸೊನ್ನೆ ಅಂದ್ರೆ ಸೊನ್ನೆ.” ಒಂದೊಂದು ಮಡಿಯನ್ನೂ ಹೇಳಿದ. ಮೇಡಂ ತಮಗೆ ನೆನಪಿದ್ದದ್ದರ ಜೊತೆ ತಾಳೆ ನೋಡುತ್ತ ಹೋದರು, ನಾನು ಗುರುತು ಹಾಕಿಕೊಂಡೆ. ಕೊನೆಗೆ ಅವನೇ ನನ್ನನ್ನು ಕೇಳಿದ, “ಅಲ್ಲ ಸ್ವಾಮಿ, ರಾಸಿ ಮುಂದೆ ನಿಂತ್ಕೊಂಡು ಅಂಗ್ ಕೇಳ್ಬೋದಾ ನೀವು?” ನಾನು ತಪ್ಪಾಯಿತು ಎಂದೆ.

ಕಂಪ್ಯೂಟರಿಗೆ ಇದನ್ನು ತಿಳಿಸುವುದು ಹೇಗೆ? ರೋಗ ಬಂದದ್ದಕ್ಕೆ ಸೊನ್ನೆಯನ್ನೇ ಹೊಡೆಸಬಹುದು. ದನ ಮೇಯ್ದದ್ದಕ್ಕೆ? ಮೇಡಂ ಒಂದು ದಿನ ಯೋಚಿಸಿ, “ಸೊನ್ನೆಗಿಂತ ಕಡಿಮೆ ತೂಗೋ ರಾಗಿ ಲೋಕದಲ್ಲೆಲ್ಲಾದ್ರೂ ಇದೆಯಾ?” ಎಂದರು. ಇಲ್ಲವೆಂದೆ. “ಹಾಗಾದ್ರೆ ಅಲ್ಲಿ ಮೈನಸ್ ಒಂದು ಅಂತ ಹಾಕು. ಸೊನ್ನೆಗಿಂತ ಕಡಿಮೆ ಕಂಡ್ರೆ ಆ ಮಡಿ ಬಿಟ್ಟು ಮುಂದಕ್ಕೆ ಹೋಗು ಅಂತ ಮಷೀನಿಗೆ ಹೇಳು.” ನನ್ನ ಪ್ರೋಗ್ರಾಮಿನಲ್ಲಿ ಸೇರಿದ್ದು ಒಂದೇ ಒಂದು ಕಾರ್ಡು. ಮುಖ್ಯ ಕಚೇರಿಯಲ್ಲಿ ಗೆದ್ದ ತಳಿ ಆರಿಸುವ ಸಭೆಯ ಹಿಂದಿನ ದಿನ ಕಿಟಕಿಯಿಂದ ಹೊಸ ಉತ್ತರ ಬಂತು. ಮೇಡಂ ಕಾಗದ ಬಿಡಿಸಿ ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದರು. ಮುದ್ದಿನ ತಳಿ ಮೇಲಿತ್ತು, ರೋಗದ್ದು ತಳದಲ್ಲಿತ್ತು. ಅವರ ಕೈ ಗಾಳಿಯಲ್ಲಿ ಮುಂದಕ್ಕೆ ತಿರುಗಿದ್ದು ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಅರ್ಧ ಜೀವ ಎನ್ನಬೇಕು. ಮೊದಲಿನ ತಪ್ಪು ಪಟ್ಟಿ ಸಾಹೇಬರ ಮೇಜಿನ ಮೇಲಿತ್ತಲ್ಲ. ಅವರು ಅದರ ನಕಲುಗಳನ್ನು ಬೇರೆ ಫಾರಂಗಳಿಗೂ ಆಗಲೇ ಕಳಿಸಿಬಿಟ್ಟಿದ್ದರು. ಸಭೆಗೆ ಹೋಗುವ ಬಸ್ಸಿನಲ್ಲಿ ನಾನು ಮೇಡಂಗೆ ಹೇಳಿದೆ, “ನನ್ನ ಕಥೆ ಮುಗೀತು. ಈ ಕೆಲಸಕ್ಕೆ ನಾನು ಆಗಲ್ಲ ಅಂತ ಬರೆದುಬಿಡ್ತಾರೆ.” ಅವರು ಕಿಟಕಿಯಾಚೆ ನೋಡುತ್ತ, “ನೋಡೋಣ ಇರು” ಎಂದರು.

ಸಭೆಯಲ್ಲಿ ಉದ್ದನೆಯ ಮೇಜು, ಸುತ್ತ ಎಲ್ಲ ಫಾರಂಗಳ ಅಧಿಕಾರಿಗಳು. ದೊಡ್ಡ ಸಾಹೇಬರು ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕದ ಮೇಲಿನಿಂದ ನಮ್ಮ ಕಡೆ ನೋಡಿದರು. “ಹದಿನೈದು ದಿನದಲ್ಲಿ ಕೊನೇದು ಮೊದಲಾಯ್ತು, ಮೊದಲಿಂದು ಕೆಳಗಿಳೀತು. ಏನಿದು? ಈ ಪ್ರೋಗ್ರಾಮ್ ಬರೆದೋರು ಯಾರು?”

ನಾನು ಏಳಲು ಹೊರಟೆ. ಮೇಡಂ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, “ಎದ್ದಿದೀಯಲ್ಲ, ಹಾಗೇ ಒಂದು ಜಗ್ಗು ನೀರು ತಗೊಂಡು ಬಾರಪ್ಪ” ಎಂದರು. ಹಿರಿಯರು ನೀರು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಜಗ್ಗು ಹಿಡಿದು ಹೊರಟೆ. ಬಾಗಿಲು ದಾಟುವಾಗ ಅವರ ದನಿ ಕೇಳಿಸಿತು: “ನನ್ನ ತಪ್ಪು ಸರ್. ಖಾಲಿ ಜಾಗಾನ ಅದು ಸೊನ್ನೆ ಅಂತ ಓದುತ್ತೆ ಅನ್ನೋದನ್ನ ನಾನು ನೋಡ್ಕೊಳ್ಳಲಿಲ್ಲ. ಹುಡುಗ ಕಂಡುಹಿಡಿದು ಸರಿ ಮಾಡಿದ.”

ಜಗ್ಗಿನೊಂದಿಗೆ ಮರಳುವಷ್ಟರಲ್ಲಿ ಎಲ್ಲ ಮುಗಿದು ಅವರು ಕಡಲೆಕಾಯಿ ತಳಿಗಳ ವಿಷಯಕ್ಕೆ ಹೋಗಿದ್ದರು. ಮೇಡಂ ಒಂದು ಲೋಟ ನೀರನ್ನು ನಿಜವಾಗಿಯೂ ಕುಡಿದರು. ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. “ಹಾಗೆ ಯಾಕೆ ಹೇಳಿದ್ರಿ ಮೇಡಂ? ತಪ್ಪು ನಂದು.”

“ನಿಂಗೆ ತಪ್ಪು ಮಾಡೋ ಹಕ್ಕು ಇನ್ನೂ ಬಂದಿಲ್ಲ. ಅದು ಖಾಯಂ ಆದೋರಿಗೆ ಮಾತ್ರ. ಖಾಯಂ ಆದಮೇಲೆ ಎಷ್ಟು ಬೇಕೋ ಅಷ್ಟು ಮಾಡ್ಕೋ. ನಡಿ, ಬಸ್ಸು ಹೋಗುತ್ತೆ.”

ಯುಗಾದಿಯ ಹೊತ್ತಿಗೆ ನಾನು ಖಾಯಂ ಆದೆ. ಆ ಬೇಸಿಗೆಯಲ್ಲೇ ಮದುವೆಯಾಯಿತು. ಮೇಡಂ ಬಂದು ಮುಂದಿನ ಸಾಲಿನಲ್ಲಿ ಕೂತು, ಮಾವನನ್ನು ಪಕ್ಕಕ್ಕೆ ಕರೆದು, “ಇನ್ನು ನೀವೂ ಖಾಯಂ ಮಾವನೋರು” ಎಂದರು. ಮಾವ ನಾಲ್ಕು ಜನರೆದುರು ನಗದ ಮನುಷ್ಯ, ಅವತ್ತು ನಕ್ಕ. ಆದರೆ ಅದೇ ವರ್ಷ ಮೇಡಂಗೆ ಬರಬೇಕೆಂದು ನಾವೆಲ್ಲ ಕಾದಿದ್ದ ಬಡ್ತಿ ಬರಲಿಲ್ಲ. ಮಾರನೆಯ ವರ್ಷವೂ ಇಲ್ಲ. ಅವರು ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹೊಸ ಹೊಸ ಪ್ರೋಗ್ರಾಮ್ ಬರೆಯುವುದರಲ್ಲಿ ಮುಳುಗಿಹೋಗಿದ್ದರು, ಮೊದಲ ಸಲ ಸರಿಯಾದ ಉತ್ತರ ಬಂದ ದಿನ ಮಕ್ಕಳ ಹಾಗೆ ಎಲ್ಲರಿಗೂ ಕಡಲೆಮಿಠಾಯಿ ಹಂಚುತ್ತಿದ್ದರು. ನಾನು ಮಾತ್ರ ಆ ಮಿಠಾಯಿಯನ್ನು ತಿನ್ನದೆ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಮದುವೆಗಾಗಿ ಇವರ ಬಡ್ತಿ ಹೋಯಿತು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮನೆಯಲ್ಲಿ ಹೆಂಡತಿ ಸಂತೋಷವಾಗಿ ನಗುತ್ತಿದ್ದರೂ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಎರಡು ಮೂರು ಸಲ ಅವರೆದುರಿಗೆ ಮಾತು ತೆಗೆದೆ, ಪ್ರತಿ ಸಲವೂ ಏನಾದರೊಂದು ಕೆಲಸ ಹೇಳಿ ಎಬ್ಬಿಸಿಬಿಟ್ಟರು.

ಬಡ್ತಿ ಕೊನೆಗೆ ಬಂತು. ಅನುಭವಿಸಲು ಹೆಚ್ಚು ಕಾಲ ಇರಲಿಲ್ಲ. ಆ ದಶಕ ಮುಗಿಯುವ ಮುಂಚೆಯೇ ಕಾಮಾಲೆಗೆ ತಿರುಗಿದ ಜ್ವರದಲ್ಲಿ ಹೋಗಿಬಿಟ್ಟರು. ನಾನು ಅತ್ತುಬಿಟ್ಟೆ. ನಮ್ಮಪ್ಪ ಹೋದಾಗ ಅಷ್ಟು ಅತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತೇನೆ.

ತಿಥಿಯ ದಿನ ದೊಡ್ಡಬಳ್ಳಾಪುರದ ಅವರ ಮನೆಯ ಮುಂದೆ ಚಪ್ಪರ ಹಾಕಿದ್ದರು. ಅವರ ಗಂಡ ಮೇಷ್ಟ್ರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತವರು ದೊಡ್ಡ ಸಾಹೇಬರು. ಆಗ ನಿವೃತ್ತಿಯಾಗಿದ್ದರು, ಸೊರಗಿದ್ದರು. ನನ್ನ ಗುರುತು ಸಿಕ್ಕಿತು. ಪಾಯಸ ಬಡಿಸಿ ಹೋದರು. ನನಗೆ ಕೈ ಹೋಗಲಿಲ್ಲ. ಇನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನಿಸಿತು.

“ಸರ್, ಒಂದು ಮಾತು. ಆವತ್ತು ರಾಗಿ ಪಟ್ಟಿ ತಪ್ಪಾಗಿತ್ತಲ್ಲ, ಅದು ಮೇಡಂದಲ್ಲ, ನಂದು.”

ಅವರು ಎಲೆಯ ಕಡೆಗೇ ನೋಡುತ್ತಿದ್ದರು. “ಗೊತ್ತು” ಎಂದರು.

“ಗೊತ್ತಾ?”

“ಚೌಕಳಿ ಹಾಳೆ ಮೇಲಿದ್ದದ್ದು ನಿನ್ನ ಅಕ್ಷರ. ಆಯಮ್ಮನ ಅಕ್ಷರ ನಂಗೆ ಗೊತ್ತಿಲ್ವಾ? ಅವರ ಜೊತೆ ಎಷ್ಟು ವರ್ಷ ಕೆಲಸ ಮಾಡಿದೀನಿ ನಾನು.”

“ಹಾಗಾದ್ರೆ ಮತ್ತೆ ಅವರ ಬಡ್ತಿ ಯಾಕೆ ನಿಲ್ಲಿಸಿದ್ರಿ ಸರ್?”

ಅವರು ಈಗ ನನ್ನ ಕಡೆ ತಿರುಗಿದರು. “ನಿಲ್ಲಿಸೋನು ಯಾರಪ್ಪ? ಅವರಿಗಿಂತ ಹಿರಿಯರು ಮೂರು ಜನ ಸಾಲಲ್ಲಿದ್ರು. ಅವರ ಪಾಳಿ ಬಂದಾಗ ಕೊಟ್ಟೆ. ನೀನು ಇಷ್ಟು ವರ್ಷ ಏನಂದ್ಕೊಂಡಿದ್ದೆ?”

ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಯಿತು. ಸಾಹೇಬರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: “ನಿನ್ನ ತಪ್ಪು ಅಂತ ಗೊತ್ತಿದ್ದೇ ನಿನ್ನ ಖಾಯಂ ಮಾಡಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅವರ ಪಕ್ಕದ ಮೇಜಲ್ಲಿ ಟೆಂಪ್ರರಿ ಆಗಿ ಕೂತಿದ್ದೋನೇ ಕಣಯ್ಯ. ಒಂದು ತಾಲ್ಲೂಕಿನ ಲೆಕ್ಕಾನೇ ಎರಡು ಸಲ ಕೂಡಿಸಿಬಿಟ್ಟಿದ್ದೆ. ಆಫೀಸರು ಕೂಗಾಡ್ತಿದ್ದಾಗ ಆಯಮ್ಮ ನನ್ನನ್ನ ಕಾಫಿ ತರೋಕೆ ಕಳಿಸಿದ್ರು. ಆವತ್ತು ಸಭೇಲಿ ನಿಂಗೆ ನೀರು ತರೋಕೆ ಹೇಳಿದ್ರಲ್ಲ, ಆಗ್ಲೇ ನಂಗೆ ಗೊತ್ತಾಗೋಯ್ತು.”

ನನಗೆ ನಗು ಬಂತು. ತಿಥಿಯ ಪಂಕ್ತಿಯಲ್ಲಿ ನಗಬಾರದೆಂದು ತಲೆ ತಗ್ಗಿಸಿದೆ. ನೋಡಿದರೆ ಸಾಹೇಬರ ಭುಜವೂ ಕುಲುಕುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು.

“ಈಗ ನಿನ್ನ ಕೈಕೆಳಗೆ ಯಾರಿದಾರೆ?” ಎಂದರು, ಕಣ್ಣೊರೆಸಿಕೊಂಡು.

“ಇಬ್ಬರು ಇದಾರೆ ಸರ್. ಹೊಸಬರು, ಈಗ ತಾನೇ ಕಲೀತಿದಾರೆ.”

“ತಪ್ಪು ಮಾಡ್ತಾರಾ?”

“ದಿನಾ ಮಾಡ್ತಾರೆ.”

“ಯಾರದು ಅದು, ತಪ್ಪು?”

“ನಂದೇ ಸರ್” ಎಂದೆ.

ಅವರು ತಲೆಯಾಡಿಸಿ ಎಲೆಗೆ ಕೈ ಹಾಕಿದರು. ಬಡಿಸುವವರು ಪಾಯಸದ ಬಕೆಟ್ಟು ಹಿಡಿದು ಇನ್ನೊಮ್ಮೆ ಬಂದರು. ಇಬ್ಬರೂ ಹಾಕಿಸಿಕೊಂಡು ಉಂಡೆವು.